ಮುದ್ದೆ ಕಟ್ಟುವ ಕೈ

ಹಸಿಶುಂಠಿಯಂತೆ ಗೆಣ್ಣು ಗೆಣ್ಣಾಗಿ ಊದಿದ ಬೆರಳುಗಳು. ಮುಷ್ಟಿ ಹಿಡಿದರೆ ಒಳಗೊಂದು ನಿಂಬೆಹಣ್ಣು ಕೂರುವಷ್ಟು ಜಾಗ ಉಳಿಯುತ್ತಿತ್ತು. ಹಲಗೂರಿನ ನನ್ನ ಸೋದರತ್ತೆ, ಅಪ್ಪನ ಅಕ್ಕ, ಆ ಕೈಯಲ್ಲೇ ಇಡೀ ಮನೆಗೆ ಮುದ್ದೆ ಕಟ್ಟುತ್ತಿದ್ದಳು. ಸೊಸೆಗೂ ಬಿಡುತ್ತಿರಲಿಲ್ಲ. ಬಿಸಿ ತಾಕಿದರೆ ಬೆರಳು ಸಡಿಲವಾಗುತ್ತದೆ ಎನ್ನುವುದು ನೆಪ. ತನ್ನ ಕೈಮುದ್ದೆ ಉಣ್ಣದೆ ಯಾರೂ ಹೊಸ್ತಿಲು ದಾಟಬಾರದು ಎನ್ನುವುದು ಅಸಲು ಹಟ.

"ವಾಯ ಕಣಮ್ಮ, ಇನ್ನೇನಿಲ್ಲ" ಅನ್ನುತ್ತಿದ್ದಳು. ಬದನೆಕಾಯಿ ಬಿಟ್ಟಳು, ಆಲೂಗಡ್ಡೆ ಬಿಟ್ಟಳು. ಊತ ಮಾತ್ರ ಅವಳನ್ನು ಬಿಡಲಿಲ್ಲ. ಆಮೇಲೆ ಯಾರೋ ಸಂತೆಯಿಂದ ಹೆಸರಿಲ್ಲದ ಪುಡಿ ತಂದುಕೊಟ್ಟರು. ನೋವು ಮಾಯವಾಯಿತು, ಮುಖ ದುಂಡಗಾಯಿತು. ನೆಂಟರೆಲ್ಲ "ಮೈಕೈ ತುಂಬ್ಕೊಂಡು ಲಕ್ಸಣವಾಗವ್ಳೆ" ಎಂದು ದೃಷ್ಟಿ ತೆಗೆದರು.

ಏದುಸಿರು ಶುರುವಾದಾಗ ಮಂಡ್ಯದ ಡಾಕ್ಟರು ಬಿಡಿಸಿ ಹೇಳಿದರು. ಇದು ವಾಯುವಲ್ಲ, ಮೈ ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಸ್ವಂತ ಕೀಲುಗಳ ಮೇಲೆ ಬಿದ್ದಿದೆ. ವರ್ಷಗಟ್ಟಲೆ ಆರದ ಆ ಉರಿಯೂತ ರಕ್ತನಾಳ, ಹೃದಯವನ್ನೂ ಹಾಳು ಮಾಡಿದೆ. ಮುಖ ತುಂಬಿದ್ದು ಪುಡಿಗೆ ಬೆರೆಸಿದ ಸ್ಟೀರಾಯ್ಡಿನಿಂದ. ಮೊದಲೇ ಬಂದಿದ್ದರೆ ಬೆರಳು ಉಳಿಯುತ್ತಿದ್ದವು.

ಅಂದಿನಿಂದ ಅತ್ತೆಗೆ ಮನೆಗೆ ಬಂದವರ ಕೈ ಹಿಡಿದು ಗೆಣ್ಣು ಒತ್ತಿ ನೋಡುವ ಚಾಳಿ ಹತ್ತಿತು. "ಡಾಕ್ಟ್ರಮ್ಮ ಬಂದ್ರು" ಎಂದು ನಾವು ನಗುತ್ತಿದ್ದೆವು.

ಒಂದು ಬೆಳಿಗ್ಗೆ ಅವಳ ಮನೆಯಲ್ಲಿ ನಲ್ಲಿ ತಿರುಗಿಸಲಾಗದೆ ಒದ್ದಾಡುತ್ತಿದ್ದೆ. ಒಲೆಯ ಮುಂದಿನಿಂದಲೇ ಕಂಡಳು.

"ಮುಷ್ಟಿ ಕಟ್ಟು ಮಗಾ."

"ಬೆಳಿಗ್ಗೆ ಒಸಿ ಬಿಗಿ ಅಷ್ಟೆ ಅತ್ತೆ. ಬಿಸ್ಲು ಬಂದ್ರೆ ಸರಿ ಓಯ್ತದೆ."

"ನಾನೂ ಇಂಗೇ ಅಂತಿದ್ದೆ ಕಣಮ್ಮ. ಒಂಡು, ಮಂಡ್ಯದ ಡಾಕ್ಟ್ರತ್ರ ಓಗಾನ, ಬಸ್ಸು ಬತ್ತದೆ."

ಎಸರು ಕುದಿಯುತ್ತಿತ್ತು. ಹಿಟ್ಟು ಹಾಕದೆ ಇಳಿಸಿಟ್ಟಳು. ಮನೆಯವರಿಗೆ ಉಣ್ಣಿಸದೆ ಅವಳು ಹೊಸ್ತಿಲು ದಾಟಿದ್ದನ್ನು ನಾನು ಕಂಡದ್ದು ಅದೊಂದೇ ದಿನ.

ರಕ್ತಪರೀಕ್ಷೆಯಾಯಿತು. ನನಗೂ ಅದೇ ಕಾಯಿಲೆ, ಆದರೆ ಶುರುವಿನಲ್ಲೇ ಸಿಕ್ಕಿತ್ತು. ನಾನು ಅತ್ತರೆ ಅತ್ತೆ ನಿಟ್ಟುಸಿರು ಬಿಟ್ಟು ಹಗುರಾದಳು. "ನಿನ್ ಕೈ ಉಳೀತು ಬುಡು. ಮಾತ್ರೆ ಮಾತ್ರ ತಪ್ಪಿಸ್ಬೇಡ" ಅಂದಳು.

ಹೋದ ವರ್ಷ ಅವಳ ಹೃದಯ ನಿಂತಿತು. ಅದನ್ನು ಬರೆಯಲು ಈಗಲೂ ಸಂಕಟವಾಗುತ್ತದೆ. ತಿಥಿಯ ಎಡೆಗೆ ಮುದ್ದೆ ಕಟ್ಟಲು ಯಾರನ್ನೂ ಬಿಡದೆ ನಾನೇ ಕೂತೆ. ಬಿಸಿ ಹಿಟ್ಟು ಅಂಗೈಯಲ್ಲಿ ನುಣ್ಣಗೆ ಉರುಳಿತು. ಎಡೆಯಿಟ್ಟ ಮೇಲೆ, ಎಲ್ಲರೂ ಕೈಮುಗಿದು ನಿಂತಿದ್ದಾಗ, ನಾನು ಅತ್ತೆಯ ಫೋಟೋದ ಮುಂದೆ ಎರಡೂ ಕೈ ಚಾಚಿ ಮುಷ್ಟಿ ಕಟ್ಟಿ ತೋರಿಸಿದೆ.