ವೇಣಕ್ಕನಿಗೆ ಇಂದೋರಿನಿಂದ ಬಂದ ಕರೆ

“ಅಮ್ಮಾ, ವೇಣಿ ದೊಡ್ಡಮ್ಮ ಯಾಕೆ ಯಾವಾಗಲೂ ನನ್ನ ಮೂಗನ್ನೇ ನೋಡ್ತಾರೆ?”

ಸೋಮವಾರ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಶರ್ವಾಣಿ ಕೇಳಿದಳು. ಸ್ಕೂಲ್ ವ್ಯಾನ್ ಬರುವ ಹೊತ್ತಿನಲ್ಲಿ ಐದು ವರ್ಷದವಳ ಪ್ರಶ್ನೆಗೆಲ್ಲ ಉತ್ತರ ಹುಡುಕುತ್ತಾ ಕೂತರೆ ಆದೀತೆ? “ನಿನ್ನ ಮೂಗು ಮುದ್ದಾಗಿದೆ, ಅದಕ್ಕೆ” ಅಂದೆ.

“ಮತ್ತೆ ಕಣ್ಣು?”

“ಕಣ್ಣೂ ಮುದ್ದಾಗಿದೆ.”

“ಕಣ್ಣು ನೋಡಲ್ಲ. ಮೊಸರು ಮೂಸು ಅಂತಾರೆ, ಆಮೇಲೆ ಮೂಗು ನೋಡ್ತಾರೆ.”

ಕೆಳಗೆ ವ್ಯಾನ್ ಹಾರ್ನ್ ಹೊಡೆಯಿತು, ಮಾತು ಅಲ್ಲಿಗೇ ನಿಂತಿತು. ಮಗು ಆಡಿದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುವ ಅಭ್ಯಾಸ ನನಗೆ. ಇದನ್ನೂ ಒಂದು ಸಾಲು ಬರೆದು ಮರೆತೆ.

ವೇಣಕ್ಕ ಅಂದರೆ ಕೃಷ್ಣವೇಣಿ. ಲಕ್ಷ್ಮೀ ನಗರದ ನಮ್ಮ ಕಟ್ಟಡದ ವಾಚ್‌ಮನ್ ಅಪ್ಪಣ್ಣನ ಹೆಂಡತಿ. ಪಾರ್ಕಿಂಗ್ ಹಿಂದಿನ ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಎಂಟನೇ ಕ್ಲಾಸಿನ ಮಗಳು ಧನುಶ್ರೀ. ಎರಡು ವರ್ಷದ ಹಿಂದೆ ನನ್ನ ಗಂಡನ ಕೆಲಸಕ್ಕಾಗಿ ನಾವು ಮೈಸೂರಿನಿಂದ ನಾಗಪುರಕ್ಕೆ ಬಂದಿಳಿದ ದಿನ, ಲಾರಿಯಿಂದ ಫ್ರಿಜ್ ಇಳಿಸುವವರ ಮೇಲೆ ನಾನು ಹರಕುಮುರುಕು ಹಿಂದಿಯಲ್ಲಿ ಕೂಗಾಡುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು: “ಅಕ್ಕಾರ, ಕನ್ನಡದಾಗ ಬೈರಿ. ಅವರಿಗೇನೂ ತಿಳಿಯಂಗಿಲ್ಲ, ನಿಮಗ ಸಮಾಧಾನ ಆಗತೈತಿ.”

ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ಅವರಿಗೆ ನಾನು ಅಕ್ಕಾರ. ನನಗೆ ಅವರು ವೇಣಕ್ಕ. ಎಷ್ಟು ಹೇಳಿದರೂ ಇದು ಬದಲಾಗಲಿಲ್ಲ.

ವೇಣಕ್ಕನ ಊರು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಆರಿಸುವುದರಲ್ಲಿ ಹೆಸರಾದವರಂತೆ. ಒಂಬತ್ತನೇ ವಯಸ್ಸಿಗೇ ಇವರು ಅಪ್ಪನ ಪಕ್ಕ ಕೂತು ಕೆಂಪು ರಾಶಿಗೆ ಕೈ ಹಾಕಿದವರು. ಹದಿನಾರು ವರ್ಷದ ಹಿಂದೆ ಒಬ್ಬ ವ್ಯಾಪಾರಿಯ ಜೊತೆ ಗಂಡ ಹೆಂಡತಿ ಇಲ್ಲಿಗೆ ಬಂದರು. ವ್ಯಾಪಾರಿ ವಾಪಸು ಹೋದ, ಇವರು ಉಳಿದುಕೊಂಡರು. ಸುಗ್ಗಿಯ ತಿಂಗಳುಗಳಲ್ಲಿ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಕಳಮನಾ ಮಾರ್ಕೆಟ್ಟಿಗೆ ಹೋಗುತ್ತಾರೆ. ಅಲ್ಲೊಂದು ದಲಾಲಿ ಅಂಗಡಿಯಲ್ಲಿ ಚೀಲ ಬಿಚ್ಚಿದ ಕೂಡಲೇ ಒಂದು ಹಿಡಿ ವೇಣಕ್ಕನ ಮುಂದೆ ಬೀಳುತ್ತದೆ. ಇದು ಹೊಸ ಮಾಲು, ಇದು ಹೋದ ವರ್ಷದ್ದು, ಇದು ಒಳಗೆ ಮುಗ್ಗಿದ್ದು, ಅಂತ ಅವರು ಹೇಳಿದ ಮೇಲೇ ಸೇಠ್ ಗಿರಾಕಿಯ ಹತ್ತಿರ ಮಾತಾಡುವುದು.

ಸಂಜೆ ಬಂದಮೇಲೆ ಮೊದಲು ಕೈಗೆ ಎಣ್ಣೆ, ಆಮೇಲೆ ಸೋಪು, ಮತ್ತೆ ಎಣ್ಣೆ. ಇಷ್ಟಾದರೂ ಶರುವಿನ ಕೆನ್ನೆ ಮುಟ್ಟುವುದು ಕೈಯ ಹಿಂಬದಿಯಿಂದಲೇ. “ಉರೀತೈತಿ ಯವ್ವಾ, ನನ್ನ ಅಂಗೈ ನಂಬಬ್ಯಾಡ” ಅನ್ನುತ್ತಾರೆ.

ಈ ಸಲ ಸಂಕ್ರಾಂತಿ ಆದಮೇಲೆ ಇಂದೋರಿನ ಒಂದು ಮಸಾಲೆ ಫ್ಯಾಕ್ಟರಿಯಿಂದ ಕರೆ ಬಂತು. ವರ್ಷವರ್ಷ ಆ ಅಂಗಡಿಯಲ್ಲಿ ಖರೀದಿ ಮಾಡುವವರು. ವೇಣಕ್ಕ ನೋಡಿ ಕೊಟ್ಟ ಮಾಲು ಒಂದು ಸಲವೂ ತಕರಾರಿಗೆ ಬಂದಿಲ್ಲವಂತೆ. ಬರುವ ಮಾಲನ್ನೆಲ್ಲ ಪರೀಕ್ಷೆ ಮಾಡುವ ಕೆಲಸ, ವರ್ಷಪೂರ್ತಿ. ಎರಡು ಕೋಣೆಯ ಕ್ವಾರ್ಟರ್ಸು, ಅಪ್ಪಣ್ಣನಿಗೆ ಅಲ್ಲೇ ಗೇಟಿನ ಕೆಲಸ, ಧನುಗೆ ಸ್ಕೂಲಿನ ಬಸ್ಸು. ಇಲ್ಲಿ ಏಪ್ರಿಲ್ ಮುಗಿದರೆ ಮೆಣಸಿನಕಾಯಿಯೂ ಮುಗಿಯಿತು, ಆಮೇಲೆ ಅವರಿವರ ಮನೆ ಪಾತ್ರೆ. ಒಂದೇ ಷರತ್ತು, ಮ್ಯಾನೇಜರ್ ಕಳಮನಾಕ್ಕೆ ಬಂದಾಗ ಐದು ಬಟ್ಟಲು ಇಟ್ಟು ಒಂದು ಪರೀಕ್ಷೆ ಮಾಡುತ್ತಾರೆ.

ಅಪ್ಪಣ್ಣನಂತೂ ನೆಲದ ಮೇಲೆ ನಿಲ್ಲಲಿಲ್ಲ. “ನಮ್ಮಾಕಿ ಮೂಗಿನಂಥಾ ಮೂಗು ಇಡೀ ವಿದರ್ಭದಾಗ ಇಲ್ಲರೀ ಮೇಡಂ” ಅಂತ ಲಿಫ್ಟಿಗೆ ಕಾಯುವವರಿಗೆಲ್ಲ ಹೇಳಿದ. ಸೊಸೈಟಿಯ ಸೆಕ್ರೆಟರಿಗೂ ಹೇಳಿಬಿಟ್ಟ. ಅವರು ಆ ವಾರವೇ ಬೇರೆ ವಾಚ್‌ಮನ್ ಗೊತ್ತು ಮಾಡಿಕೊಂಡರು. ಮಾರ್ಚ್ ಒಂದಕ್ಕೆ ಪಾರ್ಕಿಂಗ್ ಹಿಂದಿನ ಕೋಣೆ ಅವನದು.

ಧನು ಮಾತ್ರ, “ಮೀ ನಾಹೀ ಯೇಣಾರ್” ಅಂತ ಮರಾಠಿಯಲ್ಲೇ ಹೇಳಿ ಬಾಗಿಲು ಹಾಕಿಕೊಂಡಳು. ಬರಲ್ಲ ಅಂದರೆ ಬರಲ್ಲ.

“ನೀವೇನಂತೀರಿ?” ಅಂತ ನಾನು ವೇಣಕ್ಕನನ್ನು ಮೂರು ಸಲ ಕೇಳಿದೆ. ಮೊದಲನೇ ಸಲ “ನೋಡೂಣ್ರಿ” ಅಂದರು. ಎರಡನೇ ಸಲ ಇಂದೋರಿನಲ್ಲಿ ನೀರು ಗಡಸಂತೆ, ಬೇಳೆ ಬೇಯೋದಿಲ್ಲವಂತೆ ಅಂದರು. ಮೂರನೇ ಸಲ ಸೊಪ್ಪಿನ ಗಾಡಿ ಬಂತು ಅಂತ ಎದ್ದು ಹೋದರು. ಹದಿನಾರು ವರ್ಷದ ಊರು ಬಿಡುವ ಸಂಕಟ, ನನಗೂ ಆಗಿತ್ತಲ್ಲ, ಅಂದುಕೊಂಡು ಸುಮ್ಮನಾದೆ.

ಬುಧವಾರ ಮಾರ್ಕೆಟ್ಟಿಗೆ ರಜೆ. ವೇಣಕ್ಕ ನಮ್ಮ ಅಡುಗೆಮನೆಯ ಬಾಲ್ಕನಿ ಬಾಗಿಲಲ್ಲಿ ಕೂತು ನನ್ನ ಸಾರಿನಪುಡಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಒಲೆ ಬೆನ್ನ ಹಿಂದೆ, ಎರಡು ಮಾರು ದೂರ. ಹಾಲು ಇಟ್ಟಿದ್ದೇನೆ, ಸ್ವಲ್ಪ ನೋಡಿಕೊಳ್ಳಿ ಅಂತ ಹೇಳಿ ನಾನು ಶರುಗೆ ಸ್ನಾನ ಮಾಡಿಸಲು ಹೋದೆ. ಅವಳ ತಲೆಗೆ ನೀರು ಹಾಕುತ್ತಿರುವಾಗಲೇ ಸೀದ ವಾಸನೆ ಬಚ್ಚಲಿಗೆ ಬಂತು. ಒದ್ದೆ ಕೈಯಲ್ಲೇ ಓಡಿ ಬಂದೆ. ಹಾಲು ಉಕ್ಕಿ ಚೆಲ್ಲಿ, ಉಳಿದದ್ದು ತಳ ಹಿಡಿದು ಕಪ್ಪಾಗಿತ್ತು. ಮನೆಯೆಲ್ಲ ಸೀದ ವಾಸನೆ. ವೇಣಕ್ಕ ತೊಟ್ಟು ಬಿಡಿಸುತ್ತಲೇ ಇದ್ದರು. ನಾನು ಒಲೆ ಆರಿಸಿದ ಶಬ್ದಕ್ಕೆ ತಿರುಗಿ ನೋಡಿದರು. ಪಾತ್ರೆಯನ್ನಲ್ಲ, ನನ್ನ ಮುಖ ನೋಡಿದರು. ನೇರ ನನ್ನ ಮೂಗನ್ನು.

ಆಗ ನನಗೆ ಸೋಮವಾರದ ಪ್ರಶ್ನೆ ನೆನಪಾಯಿತು.

“ವೇಣಕ್ಕ, ನಿಮಗೆ ವಾಸನೆ ಬರಲಿಲ್ವಾ?”

ಮಡಿಲಲ್ಲಿದ್ದ ತೊಟ್ಟುಗಳನ್ನು ಒಂದೊಂದಾಗಿ ಮೊರಕ್ಕೆ ಹಾಕಿದರು. “ಆ ಕೊರೊನಾ ಜ್ವರದ ವರ್ಷ ಹೋತ್ರಿ. ತಿರುಗಿ ಬರಲಿಲ್ಲ.”

“ಅಷ್ಟು ವರ್ಷದಿಂದ? ಡಾಕ್ಟರಿಗೆ ತೋರಿಸಿದಿರಾ?”

“ಧರಮಪೇಠದಾಗ ಒಬ್ಬರಿಗೆ ತೋರಿಸಿದೆ, ಮನ್ಯಾಗ ಹೇಳಲಾರದ. ಬಂದರೂ ಬರಬಹುದು, ಬರದಿದ್ದರೂ ಇಲ್ಲ ಅಂದ್ರು. ದಿನಾ ಲವಂಗ ಮೂಸು ಅಂದ್ರು. ಮೂಸಿದೆ. ಲವಂಗದ ಡಬ್ಬಿ ಖಾಲಿ ಆತು, ಮೂಗು ತುಂಬಲಿಲ್ಲ.” ನಗಲು ನೋಡಿದರು. “ಘಾಟು ಗೊತ್ತಾಗತೈತ್ರಿ. ಉರೀತೈತಿ, ಕಣ್ಣಾಗ ನೀರು ಬರತಾವ. ವಾಸನಿ ಒಂದ ಇಲ್ಲ.”

“ಮತ್ತೆ ಕಳಮನಾದಲ್ಲಿ ಹೇಗೆ…”

“ಹೊಸದು ಹಳೇದು ಅನ್ನೂದಕ್ಕ ಕೈ ಸಾಕ್ರಿ. ಕಿವಿ ಸಾಕು.” ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು, ಬೀಜ ಗಲಗಲ ಅಂತು. “ಹಿಂಗ ಅಂದ್ರ ಒಣಗೇತಿ. ಮುಗ್ಗಿದ್ದು ಮಾತ್ರ ಮೂಗಿಗೇ ಗೊತ್ತಾಗೂದು. ಅದಕ್ಕ ಮಗ್ಗಲದಾಗ ಮಾವ್ಷಿ ಕೂತಿರತಾಳ, ಮುದುಕಿ. ನಾ ಒಂದು ಕಾಯಿ ಮುರದು ಆಕಿ ಕಡೆ ಚಾಚತೀನಿ, ‘ಮಾವ್ಷಿ, ಬಗಾ’, ನೋಡು ಅಂತೀನಿ. ಆಕಿ ಮೂಗು ಸೊಟ್ಟ ಆತು ಅಂದ್ರ ಮುಗ್ಗೇತಿ. ಆಕಿ ಬಾಯಿ ತಗಿಯೂದ್ರಾಗ ನಾನ ಸೇಠಗ ಹೇಳಿಬಿಡತೀನಿ. ಆಕಿಗೂ ಗೊತ್ತಿಲ್ಲರಿ. ವೇಣಿ ನನಗ ಮರ್ಯಾದಿ ಕೊಡತಾಳ, ಎಲ್ಲಾ ಕೇಳಿ ಮಾಡತಾಳ ಅಂತ ಖುಷಿ ಆಕಿಗೆ.”

ಟವೆಲ್ ಸುತ್ತಿಕೊಂಡು ಬಂದ ಶರು, “ಥೂ, ಸೀದ ವಾಸ್ನೆ!” ಅಂತ ಮೂಗು ಮುಚ್ಚಿಕೊಂಡು ಹಾಲ್‌ಗೆ ಓಡಿದಳು.

“ಇಂದೋರಿನಾಗ ಗಾಜಿನ ಕೋಣೆ ಅಂತ್ರಿ. ಒಬ್ಬಾಕೇ ಕೂಡಬೇಕು” ಅಂದರು ವೇಣಕ್ಕ.

ನಾನೂ ಒಂದು ಹುಚ್ಚು ಮಾಡಿದೆ. ಕೈಯಲ್ಲೇ ಅಷ್ಟು ಬರುತ್ತದೆ ಅನ್ನುವುದಾದರೆ ಇಲ್ಲೇ ನೋಡಿಬಿಡೋಣ ಅಂತ ನಾಲ್ಕು ಸ್ಟೀಲ್ ಬಟ್ಟಲು ಇಟ್ಟೆ. ಒಂದರಲ್ಲಿ ಅವರೇ ಈ ವರ್ಷ ತಂದುಕೊಟ್ಟ ಕಾಯಿ, ಒಂದರಲ್ಲಿ ಇಲ್ಲಿಯ ಭಿವಾಪುರದ್ದು, ಒಂದರಲ್ಲಿ ಹೋದ ವರ್ಷದ್ದು. ನಾಲ್ಕನೆಯದು ಮಳೆಗಾಲದಲ್ಲಿ ಡಬ್ಬಿಯಲ್ಲಿ ಮುಗ್ಗಿ, ಎಸೆಯಲು ಮನಸ್ಸಾಗದೆ ನಾನು ಬಿಸಿಲಿಗೆ ಹಾಕಿ ಎತ್ತಿಟ್ಟಿದ್ದದ್ದು.

ವೇಣಕ್ಕ ಚಕ್ಕಳಬಕ್ಕಳ ಹಾಕಿ ಕೂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ತೊಟ್ಟು ಬಗ್ಗಿಸಿದರು, ಸಿಪ್ಪೆಯನ್ನು ಹೆಬ್ಬೆರಳಿನಲ್ಲಿ ತಿಕ್ಕಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. ಮೂರನ್ನೂ ಸರಿಯಾಗಿ ಹೇಳಿದರು, ಚೂರೂ ತಡವರಿಸದೆ. ನಾಲ್ಕನೆಯದನ್ನು ಎರಡು ಸಲ ಅಲ್ಲಾಡಿಸಿ, “ಇದೂ ಚಲೋ ಐತಿ, ಹೋದ ವರ್ಷದ್ದ” ಅಂದರು.

ನಾನು ಮುಖ ಗಟ್ಟಿ ಮಾಡಿಕೊಂಡು ಕೂತಿದ್ದೆ. ಅಷ್ಟರಲ್ಲಿ ಶರು ಬಂದು ಬಟ್ಟಲಿಗೆ ಬಗ್ಗಿದಳು. ಅವಳ ಮೂಗು ಸುಕ್ಕಾಯಿತು, ಅಷ್ಟೇ. ಕ್ಷಣದಲ್ಲಿ ವೇಣಕ್ಕನ ಕೈ ಬಟ್ಟಲನ್ನು ಆಚೆ ತಳ್ಳಿತು. “ಮುಗ್ಗೇತಿ!”

ಹೇಳಿಬಿಟ್ಟ ಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು. ಶರು, “ದೊಡ್ಡಮ್ಮ ಕರೆಕ್ಟ್!” ಅಂತ ಚಪ್ಪಾಳೆ ತಟ್ಟಿದಳು. ನಾನು ನಾಲ್ಕೂ ಬಟ್ಟಲು ಬದಿಗೆ ಸರಿಸಿದೆ.

“ಅಪ್ಪಣ್ಣನಿಗೆ ಹೇಳಿ ವೇಣಕ್ಕ. ಮಾರ್ಚ್ ಒಂದಕ್ಕೆ ಕೋಣೆ ಬಿಡಬೇಕು. ಸೆಕ್ರೆಟರಿ ಹತ್ತಿರ ಈಗಲೇ ಮಾತಾಡಿದರೆ ಇನ್ನೂ ಏನಾದರೂ ಆಗಬಹುದು.”

“ನೀವೂ ಅಕ್ಕಾರ! ಅಂವಾ ಬ್ಯಾಡಗಿಯಾಗ ಚೀಲ ಹೊರಾಂವ. ನಮ್ಮಪ್ಪನ ಕಡೆ ಬಂದು, ನಿಮ್ಮ ಮಗಳ ಮೂಗು ನೋಡಿ ಕೇಳಾಕ ಬಂದೇನಿ ಅಂದಾಂವ. ಮೂಗುತಿ ನೋಡಿ ಅಲ್ಲ, ಮೂಗು ನೋಡಿ. ಹೆಂಗ ಹೇಳಲಿ?”

ಅವರು ಹೋದಮೇಲೆ ನನ್ನ ತಲೆಗೆ ಬಂದದ್ದು ಗ್ಯಾಸು, ಅದು ಸೋರಿದರೂ ಇವರಿಗೆ ತಿಳಿಯುವುದಿಲ್ಲ. ಪಾರ್ಕಿಂಗ್ ಹಿಂದಿನ ಆ ಒಂದೇ ಕೋಣೆಗೆ ಒಂದು ಕಿಟಕಿ, ಅದೂ ಅರ್ಧ. ಸಿಲಿಂಡರು ಮಲಗುವ ಹಾಸಿಗೆಯ ಕಾಲಹತ್ತಿರ. ಇಷ್ಟು ವರ್ಷ, ಅವಳಿಗೇ ಗೊತ್ತಿಲ್ಲದೆ, ಧನು ಮೂಗಿನ ಮೇಲೇ ಮನೆ ನಡೆದಿರಬೇಕು. ಇಂದೋರಿನಲ್ಲಿ ಅವಳು ಸ್ಕೂಲಿಗೆ, ಅಪ್ಪಣ್ಣ ಗೇಟಿಗೆ ಹೋದರೆ? ಗುರುವಾರ ಇಡೀ ದಿನ ಇದೇ ಯೋಚನೆ. ಎರಡು ಸಲ ಕೆಳಗಿಳಿದು ಹೋದೆ. ಅಪ್ಪಣ್ಣ ಗೇಟಿನ ಹತ್ತಿರ ಹಳೆ ಟ್ರಂಕಿನ ಬೀಗಕ್ಕೆ ಎಣ್ಣೆ ಬಿಡುತ್ತಾ ಹಾಡಿಕೊಳ್ಳುತ್ತಿದ್ದ.

“ಮೇಡಂ, ಶನಿವಾರ ಎಲ್ಲಾರೂ ಬರ್ರಿ ಕಳಮನಾಕ್ಕ. ಪರೀಕ್ಷಾ ನೋಡೀರಂತ. ಶರೂನ ಬರೋಬರ್ ಕರಕೊಂಡ ಬರಬೇಕು ಮತ್ತ, ಆಕಿ ದೊಡ್ಡವ್ವ ಹೆಂಗ ಗೆಲ್ಲತಾಳ ನೋಡಲಿ.”

ನಾನು ತಲೆಯಾಡಿಸಿದೆ. ಬಾಯಿಗೆ ಬಂದ ಮಾತನ್ನು ನುಂಗಿದೆ. ಅದು ನಾನು ಹೇಳುವ ಮಾತಲ್ಲ. ಹೇಳದೆ ಮೇಲೆ ಬಂದದ್ದೂ ಸರಿಯೋ ತಪ್ಪೋ, ಗೊತ್ತಾಗಲಿಲ್ಲ. ಮನೆಯಲ್ಲಿ ಶರು ಆಗಲೇ ಶನಿವಾರಕ್ಕೆ ಯಾವ ಫ್ರಾಕು ಅಂತ ತೆಗೆದಿಟ್ಟಿದ್ದಳು.

ನಿನ್ನೆ ಶುಕ್ರವಾರ ಸಂಜೆ ವೇಣಕ್ಕ ಮೇಲೆ ಬಂದರು. ಮಾರ್ಕೆಟ್ಟಿನಿಂದ ನೇರ ಬಂದಿದ್ದರು, ಕೈಗೆ ಎಣ್ಣೆಯೂ ಹಚ್ಚಿರಲಿಲ್ಲ. ಒಳಗೆ ಬರಲಿಲ್ಲ, ಹೊಸಿಲಾಚೆಗೇ ನಿಂತರು. ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದರು.

“ಮಾವ್ಷಿಗೆ ನಾಳೆ ರಜಾ ಹಾಕು ಅಂದೆ. ಯಾಕ ಅಂತ ಕೇಳಿದ್ಲು. ಎಲ್ಲಾ ಹೇಳಿದೆ. ಭಾಳ ಬೈದಳು. ಬೈದು ಬೈದು ಅತ್ತಳು.”

“ಅಪ್ಪಣ್ಣನಿಗೆ?”

“ನಾಳೆ, ಅಲ್ಲೇ. ಮ್ಯಾನೇಜರನ ಮುಂದನ ಹೇಳತೀನಿ, ಮೂಗಿಲ್ಲ ಅಂತ. ಮನ್ಯಾಗ ಹೇಳಿದ್ರ ಇಂವ ನನ್ನ ಕೈಕಾಲು ಹಿಡಿದು, ಹೆಂಗರ ಮಾಡು, ಒಂದು ದಿನದ ಮಾತು ಅಂತಾನ. ನಾನೂ ಹೂಂ ಅಂದುಬಿಡತೀನಿ, ನನಗ ನನ್ನ ಗೊತ್ತೈತಿ. ಹೇಳಿದ ಮ್ಯಾಲೆ ಕೈಲೆ, ಕಿವೀಲೆ ಎಷ್ಟು ಬರತೈತೋ ಅಷ್ಟು ತೋರಸ್ತೀನಿ. ಬಾ ಅಂದ್ರ ಹೋಗೂದು. ಬ್ಯಾಡ ಅಂದ್ರ…” ಲೋಟವನ್ನು ಹೊಸಿಲ ಮೇಲಿಟ್ಟರು. “ಬ್ಯಾಡ ಅಂದ್ರ ಕೋಣಿ ಹುಡುಕಬೇಕು. ಮಾವ್ಷಿ ಅವರ ಗಲ್ಲಿಯಾಗ ಕೇಳತೀನಿ ಅಂದಾಳ.”

ನಾನು ಅವರ ಕೈ ಹಿಡಿಯಲು ಹೋದೆ. ಥಟ್ಟನೆ ಹಿಂದಕ್ಕೆಳೆದುಕೊಂಡರು. “ಉರೀತೈತಿ ಅಕ್ಕಾರ.”

ಒಳಗಿನಿಂದ ಶರು, “ದೊಡ್ಡಮ್ಮಾ, ನಾಳೆ ನಾನು ಹಳದಿ ಫ್ರಾಕು!” ಅಂತ ಕೂಗಿದಳು. ವೇಣಕ್ಕ ಆ ದನಿಯ ಕಡೆ ನೋಡಲಿಲ್ಲ. ಬಗ್ಗಿ ಚಪ್ಪಲಿ ಮೆಟ್ಟಿಕೊಂಡರು. ಎರಡು ಮೆಟ್ಟಿಲು ಇಳಿದು ನಿಂತರು.

“ನಂದೊಂದು ಕೆಲಸ ಮಾಡಿಕೊಡ್ರಿ. ನೀವು ಬರ್ರಿ. ಬಂದು ಧನು ಅಪ್ಪನ ಮಗ್ಗಲಕ್ಕ ನಿಂದರ್ರಿ, ಅಂವಾ ಒಬ್ಬನ ಆಗಬಾರದು. ಶರೂನ ಮಾತ್ರ ಧನು ಕಡೆ ಬಿಟ್ಟು ಬರ್ರಿ. ಆ ಕೂಸಿನ ಮೂಗು ಎದುರಿಗೆ ಇತ್ತಂದ್ರ, ನಾ ನೋಡಿಬಿಡತೀನಿ.”