ಅಲಮಾರಿ ಬಾಗಿಲಲ್ಲಿ ಉಳಿದ ಒಂದು ಸಾಲು

ಬೆಳಗಿನ ಐದೂ ಮುಕ್ಕಾಲು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಎರಡನೇ ಮಹಡಿ, ಮೂವತ್ತೊಂದನೇ ಕೋಣೆ. ಮೂರು ಮಂಚಗಳ ಹಾಸಿಗೆಗಳು ಸುರುಳಿಯಾಗಿ ಗೋಡೆಗೆ ಒರಗಿವೆ. ಅಲಮಾರಿಯ ಬಾಗಿಲು ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತದೆಂದು ಕಾಲಿನ ಹೆಬ್ಬೆರಳನ್ನು ಅಡ್ಡ ಕೊಟ್ಟು, ಆಕೆ ಸೋಪಿನ ಪುಡಿಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಾಗಿಲಿನ ಒಳಮೈಯನ್ನು ಉಜ್ಜುತ್ತಿದ್ದಾರೆ. ಪೆನ್ನಿನಲ್ಲಿ ಬರೆದ ಸಾಲುಗಳು ಒಂದೊಂದಾಗಿ ನೀಲಿ ನೀರಾಗಿ ಇಳಿಯುತ್ತಿವೆ. ಕೆಳಗಿನ ಸಾಲಿಗೆ ಬಂದಾಗ ಕೈ ನಿಲ್ಲುತ್ತದೆ. ಬೆರಳಿಟ್ಟು, ತುಟಿ ಅಲುಗಿಸುತ್ತಾ ಓದುತ್ತಾರೆ: 'ಗೊತ್ತಿಲ್ಲ ಅಂತ ಹೇಳೋಕೆ ನಾನು ಎರಡು ವರ್ಷ ತಗೊಂಡೆ. ನೀನು ಎರಡೇ ದಿನದಲ್ಲಿ ಹೇಳಿಬಿಡು.'

ಉಳಿಸುವುದೋ, ಒರೆಸುವುದೋ ಎಂದು ತೀರ್ಮಾನವಾಗುವ ಮೊದಲೇ ಕೆಳಗಿನಿಂದ ಕೂಗು ಬರುತ್ತದೆ.

"ಅಮ್ಮಾ! ಓ ಅಮ್ಮಾ! ಒಂದು ಕೂಸು ಬಂದು ನಿಂತಿದೆ ನೋಡಿ. ಹಾಸ್ಟೆಲ್ ತೆಗೆಯೋಕೆ ಇನ್ನೂ ಎರಡು ದಿನ ಇದೆ ಅಂದ್ರೆ ಕೇಳ್ತಿಲ್ಲ!"

ಕೂಗುತ್ತಿರುವುದು ಗೇಟಿನ ಕಾವಲುಗಾರ. ಅವರಿಗೆ ಅರವತ್ತೆಂಟು, ಈಕೆಗೆ ನಲವತ್ತೆರಡು. ಆದರೂ ಅಮ್ಮ. ಈ ಕಟ್ಟಡದಲ್ಲಿ ಅಡುಗೆಯವರಿಗೂ, ನೀರಿನ ಪಂಪು ರಿಪೇರಿಗೆ ಬರುವವನಿಗೂ, ಅರವತ್ತನಾಲ್ಕು ಕೋಣೆಗಳ ನೂರ ತೊಂಬತ್ತೆರಡು ಹುಡುಗಿಯರಿಗೂ ಈಕೆ ಅಮ್ಮನೇ. ಹಾಜರಿ ಪುಸ್ತಕದಲ್ಲಿ ಮಾತ್ರ 'ಸ್ವಚ್ಛತಾ ಸಹಾಯಕಿ'.

ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಅಮ್ಮ ಕೆಳಗಿಳಿಯುತ್ತಾರೆ. ಮೆಟ್ಟಿಲ ಬಳಿ ತನಗಿಂತ ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ಒಬ್ಬ ಹುಡುಗಿ ನಿಂತಿದ್ದಾಳೆ. ಅಪ್ಪನಿಗೆ ಡ್ಯೂಟಿ ಇದೆ, ಬಿಟ್ಟು ಹೊರಟುಹೋದರು. ಅವಳು ಅಳುತ್ತಿಲ್ಲ. ಪೆಟ್ಟಿಗೆಯ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದಾಳೆ, ಅಷ್ಟೆ.

"ಆ ಕಡೆ ಹಿಡಿ ಮಗಾ," ಎಂದು ಅಮ್ಮ ಪೆಟ್ಟಿಗೆಯ ಒಂದು ಕಿವಿ ಹಿಡಿಯುತ್ತಾರೆ. "ಒಬ್ಬಳಿಗೆ ಭಾರ. ಇಬ್ಬರಿಗೆ ಬರೀ ಪೆಟ್ಟಿಗೆ."

ಅರ್ಧ ಮೆಟ್ಟಿಲಲ್ಲಿ ಹುಡುಗಿ ಕೇಳುತ್ತಾಳೆ, "ನಿಮ್ಮನ್ನ ಏನಂತ ಕರೀಲಿ?"

"ಎಲ್ರೂ ಅಮ್ಮ ಅಂತಾರೆ. ನಿನ್ನ ಬಾಯಿಗೆ ಏನು ಬರುತ್ತೋ ಅದನ್ನೇ ಕರಿ. ಏಯ್ ಅನ್ಬೇಡ, ಸಾಕು."

ಹುಡುಗಿ ಅಂದಿನ ಮೊದಲ ನಗು ನಗುತ್ತಾಳೆ.

ಹದಿನೆಂಟು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಎಲ್ಲರೂ 'ಅಕ್ಕ' ಎನ್ನುತ್ತಿದ್ದರು. ನಾಲ್ಕನೇ ವರ್ಷ ಒಬ್ಬ ಹುಡುಗಿಗೆ ಜ್ವರ ನೆತ್ತಿಗೇರಿತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಕೈಯನ್ನು ಹಿಡಿದುಕೊಂಡು ಅವಳು ಅರೆನಿದ್ದೆಯಲ್ಲಿ "ಅಮ್ಮಾ" ಎಂದಳು. ಜ್ವರ ಬಿಟ್ಟ ಮೇಲೆ ಗೆಳತಿಯರು ಅದನ್ನೇ ಹಿಡಿದು ಆಡಿಕೊಂಡರು: "ಏನೇ, ನಿಮ್ಮಮ್ಮ ನೆಲ ಒರೆಸೋಕೆ ಬಂದ್ರು!" ಆಡಿಕೊಳ್ಳುತ್ತಾ ಆಡಿಕೊಳ್ಳುತ್ತಾ ಅವರ ಬಾಯಿಗೂ ಅದೇ ಹತ್ತಿತು. "ಆರ್ಡರ್ ಇಲ್ಲದೆ ಸಿಕ್ಕ ಪ್ರಮೋಷನ್ನು ಅದು," ಎನ್ನುತ್ತಾರೆ ಅಮ್ಮ. "ಕೆಲಸ ಜಾಸ್ತಿ ಆಯ್ತು, ಮತ್ತೇನೂ ಆಗ್ಲಿಲ್ಲ."

ಕೆಲಸ ಕಡಿಮೆಯೇನಲ್ಲ. ದಿನಕ್ಕೆ ಇಪ್ಪತ್ತೆರಡು ಬಕೆಟ್ ನೀರು, ಎಂಬತ್ತೆಂಟು ಮೆಟ್ಟಿಲು, ಹದಿನೆಂಟು ಶೌಚಾಲಯ. ಪುಡಿಗೆ ಬೆರಳ ತುದಿ ಬಿರಿದು, ತರಕಾರಿ ಹೆಚ್ಚುವಾಗ ಉರಿಯುತ್ತದೆ. ಮಂಡಿ ಮೂರನೇ ಮಹಡಿಯಲ್ಲಿ ಮುಷ್ಕರ ಹೂಡುತ್ತದೆ. ಪರೀಕ್ಷೆಯ ಬೆಳಿಗ್ಗೆ ಹೆದರಿ ವಾಂತಿ ಮಾಡಿಕೊಂಡವಳ ಬೆನ್ನು ಸವರಬೇಕು, ಆಮೇಲೆ ನೆಲವನ್ನೂ ಒರೆಸಬೇಕು. "ಮೊದಲು ಬೆನ್ನು. ನೆಲ ಎಲ್ಲಿ ಹೋಗುತ್ತೆ?"

ರಜೆಯಲ್ಲಿ ಮಾತ್ರ ಬೇರೆ ಕೆಲಸ. ಓದು ಮುಗಿಸಿ ಹೊರಡುವ ಹುಡುಗಿಯರು ಅಲಮಾರಿ ಬಾಗಿಲಿನ ಒಳಗೆ, ಮುಂದೆ ಬರುವವಳಿಗೆಂದು, ಬುದ್ಧಿಮಾತು ಬರೆದುಹೋಗುತ್ತಾರೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಹಾಸ್ಟೆಲ್ ತೆರೆಯುವ ಮೊದಲು ಎಲ್ಲವನ್ನೂ ಒರೆಸಿ ಬಾಗಿಲು ಬೆಳ್ಳಗಾಗಬೇಕೆಂಬುದು ವಾರ್ಡನ್ ಮೇಡಂ ಅವರ ಕಟ್ಟಪ್ಪಣೆ. ಅಮ್ಮ ಒರೆಸುತ್ತಾರೆ. ಆದರೆ ಒಂದೊಂದು ಅಲಮಾರಿಯಲ್ಲೂ, ಬಾಗಿಲಿನ ತೀರಾ ಕೆಳಗೆ, ಬಗ್ಗಿದವರಿಗಷ್ಟೇ ಕಾಣುವ ಒಂದು ಗೇಣು ಜಾಗದಲ್ಲಿ, ಒಂದೇ ಒಂದು ಸಾಲು ಉಳಿಸುತ್ತಾರೆ. ಮೇಲೆ ಒಳ್ಳೆಯ ಮಾತು ಸಿಕ್ಕಿದರೆ ಕೆಳಗಿನ ಹಳೆಯದನ್ನು ಒರೆಸಿ, ಅಲ್ಲಿ ಪೆನ್ಸಿಲ್ಲಿನಲ್ಲಿ ಅದನ್ನು ಬರೆಯುತ್ತಾರೆ.

ಇದಕ್ಕೆ ಕಾರಣ ಏಳನೇ ಕೋಣೆ. ಹನ್ನೊಂದು ವರ್ಷದ ಹಿಂದೆ, ಮೊದಲ ಟೆಸ್ಟಿನ ಮಾರ್ಕು ಬಂದ ದಿನ, ಅಲ್ಲಿದ್ದ ಹುಡುಗಿ ಪೆಟ್ಟಿಗೆ ಕಟ್ಟಿ ಕೂತಿದ್ದಳು. ಮನೆಗೆ ಹೋಗುತ್ತೇನೆ, ಇದು ನನ್ನಂಥವರಿಗಲ್ಲ ಎಂದು ಒಂದೇ ಹಟ. ಅಮ್ಮ ಖಾಲಿ ಅಲಮಾರಿಯ ಬಾಗಿಲು ತೆರೆದು, ಹಿಂದಿನ ರಜೆಯಲ್ಲಿ ಸೊಂಟ ನೋವೆಂದು ಬಗ್ಗಿ ಒರೆಸದೇ ಬಿಟ್ಟ ಸಾಲನ್ನು ತೋರಿಸಿದರು: 'ಮೊದಲ ಟೆಸ್ಟಲ್ಲಿ ನನಗೆ ಒಂಬತ್ತು. ಅತ್ತುಬಿಟ್ಟೆ. ಆಮೇಲೆ ಹಸಿವಾಯ್ತು, ಊಟ ಮಾಡಿದೆ. ಈಗ ಪಾಸಾಗಿ ಹೋಗ್ತಿದ್ದೀನಿ.'

"ನನಗೆ ಹನ್ನೊಂದು ಬಂದಿದೆ," ಎಂದಳು ಹುಡುಗಿ, ಅಳುವಿನ ನಡುವೆ.

"ನೋಡು, ಎರಡು ಜಾಸ್ತೀನೇ," ಎಂದರು ಅಮ್ಮ.

ಅವತ್ತಿನಿಂದ ಆ ಸಾಲು ಅಲ್ಲೇ ಇದೆ. ಮಾಸಿದಾಗ ಅಮ್ಮನೇ ತಿದ್ದುತ್ತಾರೆ. ಎಂಟನೇ ಕೋಣೆಯಲ್ಲಿ, 'ಅಳು ಬಂದ್ರೆ ಬಾತ್‌ರೂಮಿಗೆ ಹೋಗ್ಬೇಡ, ಅಲ್ಲಿ ಕ್ಯೂ. ಪಕ್ಕದ ಮಂಚದವಳ ಹತ್ರ ಅಳು, ಅವಳೂ ಕಾಯ್ತಿರ್ತಾಳೆ.' ನಲವತ್ತನೆಯದರಲ್ಲಿ, 'ಎರಡನೇ ಬೆಂಚಲ್ಲಿ ಕೂತ್ಕೋ. ಮೊದಲನೇದ್ರಲ್ಲಿ ಪ್ರಶ್ನೆ ಕೇಳ್ತಾರೆ, ಕೊನೇದ್ರಲ್ಲಿ ಪಾಠಾನೇ ಕೇಳಿಸಲ್ಲ.' ಐವತ್ತೆರಡರಲ್ಲಿ, 'ಮನೆಗೆ ಫೋನ್ ಮಾಡಿದಾಗ ಚೆನ್ನಾಗಿದ್ದೀನಿ ಅಂತ ಮಾತ್ರ ಹೇಳ್ಬೇಡ. ಸುಳ್ಳು ಅಂತ ಅವರಿಗೆ ಗೊತ್ತಾಗುತ್ತೆ.'

ವಾರ್ಡನ್ ಮೇಡಂಗೆ ಇದು ಗೊತ್ತಿಲ್ಲವೇ? ಅವರು ತಪಾಸಣೆಗೆ ಬಂದು ಬಾಗಿಲು ತೆರೆಯುತ್ತಾರೆ, ನೆಟ್ಟಗೆ ನೋಡುತ್ತಾರೆ, ಮುಚ್ಚುತ್ತಾರೆ. ಒಮ್ಮೆಯೂ ಬಗ್ಗಿದ್ದಿಲ್ಲ. ಮೂರು ವರ್ಷದ ಹಿಂದೆ ಬಣ್ಣ ಬಳಿಯುವವರು ಬಂದಾಗ ಅಮ್ಮ ಕೋಣೆಯಿಂದ ಕೋಣೆಗೆ ಅವರ ಹಿಂದೆಯೇ ಸುತ್ತಿದ್ದರು. ಬಣ್ಣದವರಿಗೆ ಮೇಡಂ ಹೇಳಿದ್ದು ಒಂದೇ ಮಾತು: "ಕೆಳಗಡೆ ಒಂದು ಗೇಣು ಬಿಟ್ಟು ಹಚ್ಚಿ. ಒದ್ದೆ ನೆಲ, ಬಣ್ಣ ನಿಲ್ಲಲ್ಲ."

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರಗಳಿಗೆ ತುಕ್ಕು ಹಿಡಿದಿತ್ತು. ತುಕ್ಕು ಬಿಡಿಸಿದ್ದು ಮಗಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಐದು ವರ್ಷದ ಮಗುವನ್ನು ರಜೆಯಲ್ಲಿ ಜೊತೆಗೆ ಕರೆತರುತ್ತಿದ್ದರು. ಅಮ್ಮ ಒರೆಸುವುದು, ಮಗಳು ಅದಕ್ಕೂ ಮುಂದೆ ಮುಂದೆ ಅಕ್ಷರ ಕೂಡಿಸಿ ಓದುವುದು. ಒಂದು ದಿನ ಬಟ್ಟೆ ಸ್ವಲ್ಪ ಮುಂದೆ ಓಡಿತು. 'ಸೀನಿಯರ್‌ಗೆ ಹೆದರಬೇಡ' ಎಂದಿದ್ದ ಸಾಲಿನಲ್ಲಿ 'ಯರ್' ಅಳಿಸಿಹೋಯಿತು. ಮಗಳು ದೊಡ್ಡ ದನಿಯಲ್ಲಿ ಓದಿದಳು: "ಸೀನಿಗೆ ಹೆದರಬೇಡ!"

ಪುಡಿಯ ಘಾಟಿಗೆ ಆಗಷ್ಟೇ ಏಳು ಸಲ ಸೀನಿದ್ದ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಪರವಾಗಿಲ್ವೇ ಪುಟ್ಟಿ, ನನಗೂ ಒಂದು ಸಾಲು ಬರೆದಿದ್ದಾರೆ!"

ನಿಜ ತಿಳಿದದ್ದು ಮಗಳು ಹೈಸ್ಕೂಲಿಗೆ ಹೋದ ಮೇಲೆ. ಅಷ್ಟರಲ್ಲಿ ಅದು ಮನೆಮಾತಾಗಿತ್ತು. ಹಲ್ಲು ಕೀಳಿಸುವಾಗ, ಪರೀಕ್ಷೆಗೆ ಹೊರಟಾಗ, ಅಪ್ಪ ಹೊಸ ಬಸ್ಸು ಓಡಿಸಲು ಹೋದ ದಿನ, ಬಾಗಿಲಲ್ಲಿ ಒಂದೇ ಮಾತು: ಸೀನಿಗೆ ಹೆದರಬೇಡ.

ಆ ಪುಟ್ಟಿಗೆ ಈಗ ಹದಿನೆಂಟು. ಹತ್ತು ದಿನದ ಹಿಂದೆ ಇದೇ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮೊದಲ ವರ್ಷ ಹಾಸ್ಟೆಲ್ ವಾಸ ಕಡ್ಡಾಯ. ಅಂದರೆ ಇಲ್ಲೇ ಒಂದು ಮಂಚ, ಒಂದು ಅಲಮಾರಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡಬೇಕಾದ ಕೊನೆಯ ದಿನ ಇವತ್ತು, ಸಂಜೆ ನಾಲ್ಕರೊಳಗೆ. ಬೇರೊಂದು ಕಾಲೇಜಿನಲ್ಲೂ ಸೀಟಿದೆ, ದೂರದಲ್ಲಿ. ಪತ್ರ ಮನೆಯ ಗಡಿಯಾರದ ಕೆಳಗೆ ಹಾಗೇ ಕೂತಿದೆ. ಮಗಳು ಅದರ ಸುದ್ದಿಯೇ ಎತ್ತುತ್ತಿಲ್ಲ. ಕೇಳಿದರೆ "ನೋಡೋಣ" ಎನ್ನುತ್ತಾಳೆ. ಅಪ್ಪನನ್ನು ಕೇಳಿದರೆ, "ತಾಯಿ ಮಗಳ ಮಧ್ಯೆ ನಾನು ಬಂದ್ರೆ ಅಡಕತ್ತರಿಗೆ ಸಿಕ್ಕ ಅಡಕೆ," ಎಂದು ಬಸ್ಸಿನ ಕೀಲಿ ಎತ್ತಿಕೊಂಡು ಹೋಗುತ್ತಾರೆ.

ಕಾರಣ ತನಗೆ ಗೊತ್ತು ಎಂದೇ ಅಮ್ಮ ತಿಳಿದಿದ್ದಾರೆ.

"ನಾನಿರೋ ಕಡೆ ಬರೋಕೆ ಅವಳಿಗೆ ನಾಚಿಕೆ. ತಪ್ಪೇನಿದೆ? ಹರೆಯದ ಹುಡುಗಿ," ಎನ್ನುತ್ತಾ ಅವರು ಬಟ್ಟೆ ಹಿಂಡುತ್ತಾರೆ. ಬಹಳ ಹಿಂದೆ ಇಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಅಪ್ಪ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದರು. ಜೊತೆಯವರು ಅವಳನ್ನು 'ತಟ್ಟೆ' ಎಂದೇ ಕರೆದರು. ಅರ್ಧ ವರ್ಷ ಮುಗಿಯುವುದರೊಳಗೆ ಅವಳು ಹೊರಟುಹೋದಳು. ಅವಳ ಅಲಮಾರಿಯಲ್ಲಿ ಒಂದು ಸಾಲೂ ಇರಲಿಲ್ಲ. ಒರೆಸಲು ಏನೂ ಇಲ್ಲದ ಆ ಬಾಗಿಲನ್ನು ಅಮ್ಮ ಇನ್ನೂ ಮರೆತಿಲ್ಲ. ಈ ಕಥೆಯನ್ನು ಮಗಳಿಗೆ ಹೇಳಿಲ್ಲ. ಹೇಳಿದ್ದು ಬೇರೆಯೇ. ಸೀಟು ಸಿಕ್ಕ ಸಂಜೆ, ಮಗಳ ತಲೆ ಬಾಚುತ್ತಾ, ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆಂದುಕೊಂಡು ಹೇಳಿದರು: "ಅಲ್ಲಿ ನಾನು ಎದುರು ಸಿಕ್ಕಿದ್ರೆ ಸುಮ್ನೆ ಅಕ್ಕ ಅನ್ನು ಪುಟ್ಟಿ. ಯಾರೋ ಕೆಲಸದವರು ಅಂದ್ಕೊಳ್ಳಲಿ. ನಿನಗೂ ಸಲೀಸು."

ಮಗಳು ಜಡೆ ಅರ್ಧಕ್ಕೇ ಬಿಡಿಸಿಕೊಂಡು ಎದ್ದುಹೋದಳು.

ಇವತ್ತು ಬೆಳಿಗ್ಗೆ ಗಡಿಯಾರದ ಕೆಳಗಿನ ಪತ್ರವನ್ನೇ ನೋಡುತ್ತಾ ನಿಂತು, ಅಮ್ಮ ಊಟದ ಡಬ್ಬಿ ಮರೆತು ಬಂದಿದ್ದಾರೆ. ಹದಿನೆಂಟು ವರ್ಷದಲ್ಲಿ ಡಬ್ಬಿ ಮರೆತದ್ದು ಇದೇ ಮೊದಲು.

ನಿಮಗೆ ಆಸೆ ಏನು ಎಂದು ಕೇಳಿದರೆ ಅಮ್ಮ ಬಕೆಟ್ಟಿನ ನೀರು ಬದಲಿಸಿ ಬಂದು ಹೇಳುತ್ತಾರೆ, "ಅವಳೂ ಒಂದು ಅಲಮಾರಿಯಲ್ಲಿ ಒಂದು ಸಾಲು ಬರೀಬೇಕು. ಎಲ್ಲಾ ಓದಿ ಮುಗಿಸಿ, ಹೊರಡೋ ದಿನ. ಇಲ್ಲಿ ಆಗ್ದಿದ್ರೆ ಆ ದೂರದ ಕಾಲೇಜಲ್ಲಾದ್ರೂ ಸರಿ." ಆಮೇಲೆ ಮೆಲ್ಲಗೆ, "ಅಲ್ಲಿ ಒರೆಸೋರು ಉಳಿಸ್ತಾರೋ ಇಲ್ವೋ."

ಮಧ್ಯಾಹ್ನ ಒಂದು ಗಂಟೆ. ಅಮ್ಮ ಮತ್ತೆ ಮೂವತ್ತೊಂದನೇ ಕೋಣೆಯ ಅಲಮಾರಿ ಮುಂದೆ ಕೂತಿದ್ದಾರೆ. 'ಗೊತ್ತಿಲ್ಲ' ಸಾಲು ಉಳಿಯುವುದೆಂದು ತೀರ್ಮಾನವಾಗಿದೆ. ಸುತ್ತಲಿನ ಕಲೆಯನ್ನಷ್ಟೇ ಬೆರಳ ತುದಿಯಿಂದ ತೆಗೆಯುತ್ತಿದ್ದಾರೆ. ಇದೇ ಕೋಣೆ ಸಿಕ್ಕಿದ ಹೊಸ ಹುಡುಗಿ ಕಿಟಕಿ ಬಳಿ ಹಾಸಿಗೆ ಬಿಚ್ಚುತ್ತಿದ್ದಾಳೆ. ಬಾಗಿಲಲ್ಲಿ ಒಂದು ಸೀನು.

ಅಮ್ಮ ತಿರುಗಿ ನೋಡುವ ಮೊದಲೇ ಬಾಯಿ ತಾನಾಗಿ ಹೇಳುತ್ತದೆ, "ಸೀನಿಗೆ ಹೆದರಬೇಡ."

ಹೊಸ್ತಿಲಲ್ಲಿ ಮಗಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ನಾಲ್ಕಾಗಿ ಮಡಿಸಿದ ಒಪ್ಪಿಗೆ ಪತ್ರ. ತುಟಿಯ ಅಂಚಿನಲ್ಲಿ ನಗು ಬಂದು, ಬೇಡವೆಂದು ವಾಪಸ್ಸು ಹೋಗುತ್ತದೆ.

"ಡಬ್ಬಿ ಮರೆತು ಬಂದಿದ್ದೀಯ," ಎನ್ನುತ್ತಾಳೆ.

"ಅಲ್ಲಿಡು. ಕೈ ಒದ್ದೆ." ಅಮ್ಮನ ಕಣ್ಣು ಡಬ್ಬಿಯ ಮೇಲಿಲ್ಲ, ಪತ್ರದ ಮೇಲಿದೆ. ಸಹಿ ಹಾಕಿದೆಯೋ ಇಲ್ಲವೋ ಮಡಿಕೆಯಲ್ಲಿ ಕಾಣುತ್ತಿಲ್ಲ.

ಅಷ್ಟರಲ್ಲಿ ಕಿಟಕಿ ಬಳಿಯಿಂದ ಹೊಸ ಹುಡುಗಿ ಕೂಗುತ್ತಾಳೆ, "ಅಮ್ಮಾ, ತಲೆದಿಂಬು ಈ ಕಡೆ ಹಾಕ್ಲಾ, ಆ ಕಡೆನಾ?"

"ಗೋಡೆ ಕಡೆ ಹಾಕು ಮಗಾ. ಕಿಟಕಿ ಗಾಳಿಗೆ ನೆಗಡಿ ಆಗುತ್ತೆ," ಎನ್ನುತ್ತಾರೆ ಅಮ್ಮ, ಅಭ್ಯಾಸದಂತೆ.

ಮಗಳು ಆ ಹುಡುಗಿಯನ್ನು ನೋಡುತ್ತಾಳೆ. ಆಮೇಲೆ ತಾಯಿಯನ್ನು. ಡಬ್ಬಿಯನ್ನು ನೆಲದ ಮೇಲಿಟ್ಟು, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆಯೇ ಅಲಮಾರಿಯ ಮುಂದೆ ಕಾಲು ಮಡಚಿ ಕೂರುತ್ತಾಳೆ. ಮುಚ್ಚಿಕೊಳ್ಳಲು ಬಂದ ಬಾಗಿಲಿಗೆ ತನ್ನ ಕೈ ಅಡ್ಡ ಕೊಡುತ್ತಾಳೆ. ಕೆಳಗಿನ ಸಾಲನ್ನು ಒಮ್ಮೆ ಓದಿಕೊಳ್ಳುತ್ತಾಳೆ. ಹತ್ತು ದಿನದಿಂದ ಹೇಳದೆ ಇಟ್ಟುಕೊಂಡಿದ್ದದ್ದು ಆಗ ಹೊರಗೆ ಬರುತ್ತದೆ.

"ಅವಳು ಬಂದು ಇನ್ನೂ ಅರ್ಧ ದಿನ ಆಗಿಲ್ಲ, ಅಮ್ಮ ಅಂತಾಳೆ. ಗೇಟಲ್ಲಿ ಆ ತಾತಾನೂ ಅಮ್ಮ ಮೇಲಿದ್ದಾರೆ ಹೋಗು ಅಂದ್ರು. ಇಡೀ ಹಾಸ್ಟೆಲ್ ನಿನ್ನನ್ನ ಅಮ್ಮ ಅನ್ನುತ್ತೆ. ನಾನೊಬ್ಬಳೇ ಯಾಕಮ್ಮಾ ಅಕ್ಕ ಅನ್ಬೇಕು?"