ತೆಂಗಿನಕಾಯಿಗೆ ಸೋತ ಹಾಸುಗಲ್ಲು

ನನ್ನ ಅಕ್ಷರ ಕೋಳಿ ಕೆದಕಿದಂತಿದೆ, ಪದಗಳೂ ಸಾಲವು; ಕ್ಷಮಿಸಬೇಕು. ಇದು ನಮ್ಮ ಎದುರುಮನೆಯ ಅನುರಾಧಕ್ಕನ ಕಥೆ. ಕಥೆಯಾದ್ದರಿಂದ ಏಕವಚನದಲ್ಲಿ ಬರೆದಿದ್ದೇನೆ, ಅದಕ್ಕೂ ಕ್ಷಮೆಯಿರಲಿ.

ಈ ಚಳಿದೇಶದ ಮೋಲ್ನ್‌ಡಾಲ್ ಊರಿಗೆ ಬಂದ ಮೇಲೆ ಅನುರಾಧಾ ಎರಡು ವರ್ಷ ಪ್ಲಾಸ್ಟಿಕ್ ಚೀಲದ ಪಾಲಕ್ ತಿಂದಳು. 2006ರ ಈ ಬೇಸಿಗೆಗೆ ಅವಳು ಬಯಸಿದ್ದು ಒಂದೇ: ಅಮ್ಮ ಕಳಿಸಿದ ಹಿಡಿ ಬೀಜದಿಂದ ಹರಿವೆ ಸೊಪ್ಪು. ಆದರೆ ಹಿತ್ತಲು ಗೋಡೆಯಿಂದ ಗೋಡೆಗೆ ಕಲ್ಲುಹಾಸು. ವಸತಿ ಸಂಘದ ಅಧ್ಯಕ್ಷೆ ಬಾರ್ಬ್ರೊ, ಮೇಲೆ ಮರದ ಚೌಕಟ್ಟಿಟ್ಟು ಮಣ್ಣು ತುಂಬಲು ಒಪ್ಪಿದಳು. ಷರತ್ತು ಒಂದೇ, ಯಾವ ಕಲ್ಲಿಗೂ ಏನೂ ಆಗಬಾರದು.

ಗಂಡ ಮಹಾಬಲೇಶ್ವರ ಔಷಧಿ ಸಂಶೋಧಕ. ಭೂಮಿಪೂಜೆಯಿಲ್ಲದೆ ಮಣ್ಣು ಸುರಿಯಬಾರದೆಂದು ಪಂಚೆಯುಟ್ಟು, ತೆಂಗಿನಕಾಯಿ ಹಿಡಿದು ಈಶಾನ್ಯ ಮೂಲೆಯಲ್ಲಿ, ಸೈಕಲ್ ಶೆಡ್ಡಿನ ನೆರಳಲ್ಲಿ, ನಿಂತ.

"ರೀ, ಇಲ್ಲಿ ಭೂಮಿ ಎಲ್ಲಿದೆ?"

"ಕಲ್ಲಿನ ಕೆಳಗೆ ಇರುತ್ತೆ ಕಣೇ. ಭೂದೇವಿ ಎಲ್ಲಿಗೆ ಹೋಗ್ತಾಳೆ?"

"ಹಾಗಾದ್ರೆ ಮೆತ್ತಗೆ ಒಡೀರಿ, ಪಾಪ, ಅವಳ ನೆತ್ತಿ ಅದು."

ಅವನು ಗಣಪತಿಯನ್ನು ನೆನೆದು ಕಾಯಿಯನ್ನು ಕುಕ್ಕಿದ. ಚಳಿಗಾಲದಲ್ಲಿ ಅಡಿಯ ಮಣ್ಣು ಹೆಪ್ಪುಗಟ್ಟಿ ಮೇಲೆದ್ದು, ಕೆಳಗೆ ಟೊಳ್ಳಾಗಿದ್ದ ಕಲ್ಲು ಫಟ್ಟೆಂದು ಎರಡಾಯಿತು. ಕಾಯಿ ಮಾತ್ರ ಒಂದು ಗೀರೂ ಇಲ್ಲದೆ ಉರುಳಿಹೋಗಿ ಶೆಡ್ಡಿನ ಬಾಗಿಲಲ್ಲಿ ಕೂತಿತು.

"ಮುಚ್ಚು, ಮುಚ್ಚು!" ಎಂದ ಮಹಾಬಲೇಶ್ವರ.

ಬಿಸಿಲಲ್ಲಿಡಬೇಕಿದ್ದ ಚೌಕಟ್ಟು ಬಿರುಕಿನ ಮೇಲೆ ಕೂತಿತು. ಮಣ್ಣು ತುಂಬಿ ಅರ್ಧ ಬೀಜ ಬಿತ್ತಿದರು. ಮೊಳಕೆಗಳು ಹಳದಿ ನೂಲಿನಂತೆ ಎದ್ದು, ಒಂದರ ಮೇಲೊಂದು ಬಿದ್ದು ಸತ್ತವು.

"ಉಳಿದ ಬೀಜ ಬಿಸಿಲಲ್ಲೇ ಹಾಕ್ತೀನಿ. ಚೌಕಟ್ಟು ಎತ್ತಿ," ಎಂದಳು ಅನುರಾಧಾ.

"ಬಾರ್ಬ್ರೊ ನೋಡಿದ್ರೆ?"

"ನೋಡ್ಲಿ. ನಿಮ್ಮ ಮರ್ಯಾದೆನ ಹುಳಿ ಮಾಡಿ ಉಣ್ಣೋಕಾಗಲ್ಲ."

ಚೌಕಟ್ಟು ಎತ್ತಿ, ಬಕೆಟ್ಟಿನಲ್ಲಿ ಮಣ್ಣು ಸಾಗಿಸಿ ಮುಗಿಸುವಷ್ಟರಲ್ಲಿ ಬಾರ್ಬ್ರೊ ಗೇಟಿನಲ್ಲಿ ನಿಂತಿದ್ದಳು.

"ಇದು ಹೇಗಾಯಿತು?"

"ಚಳಿಗೆ," ಎಂದ ಮಹಾಬಲೇಶ್ವರ.

"ತೆಂಗಿನಕಾಯಿಗೆ," ಎಂದಳು ಅನುರಾಧಾ. ಚೌಕಟ್ಟು ಇನ್ನು ಹೋದಂತೆಯೇ ಎಂದುಕೊಂಡಳು.

ಬಾರ್ಬ್ರೊ ಬಿರುಕನ್ನು ನೋಡಿದಳು, ಆಮೇಲೆ ಮಹಾಬಲೇಶ್ವರನ ಬಡಕಲು ತೋಳನ್ನು ನೋಡಿದಳು. "ಕಾಯಿಗೆ ಏನಾಯಿತು?"

"ಏನೂ ಆಗಲಿಲ್ಲ. ಆಮೇಲೆ ಸುತ್ತಿಗೆಯಲ್ಲಿ ಒಡೆದು ಚಟ್ನಿ ಮಾಡಿದೆ," ಎಂದಳು ಅನುರಾಧಾ.

ಎರಡು ವರ್ಷದಲ್ಲಿ ಒಮ್ಮೆಯೂ ಹಲ್ಲು ತೋರಿಸದ ಬಾರ್ಬ್ರೊ ಗೇಟು ಹಿಡಿದುಕೊಂಡು ನಕ್ಕಳು. "ಹೊಸ ಕಲ್ಲು ನೀವೇ ಹಾಕಿ. ಚೌಕಟ್ಟು ಬಿಸಿಲಲ್ಲಿರಲಿ," ಎಂದು ಹೋದಳು.

"ಹೊಸ ಕಲ್ಲಿಗೆ ಒಂದು ಸಣ್ಣ ಪೂಜೆ..." ಎಂದ ಮಹಾಬಲೇಶ್ವರ.

"ಬಾಳೆಹಣ್ಣಲ್ಲಿ ಮಾಡಿ."

ಬರುವ ಶನಿವಾರ ಅನುರಾಧಕ್ಕ ಕಲ್ಲು ಕೂರಿಸಿ, ಉಳಿದ ಬೀಜ ಬಿತ್ತುತ್ತಾಳೆ.